ಕಾಶಿಯಲ್ಲಿ ಅರ್ಧ ದಿನ ಚಿತ್ರಗಳಿಗೆ

ಕಾಶಿಗೆ ಹೋಗುವ ನಮ್ಮವರ ದಿನಚರಿ ಹೆಚ್ಚುಕಡಿಮೆ ಒಂದೇ. ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಕಾಲಭೈರವ, ಜಂಗಮವಾಡಿ ಮಠ, ಸಂಜೆಯ ಆರತಿ, ನಡುವೆ ಸೀರೆಯಂಗಡಿ. ಇದರಲ್ಲಿ ಅರ್ಧ ದಿನ ಬಿಡಿಸಿಕೊಂಡು, ಲಂಕಾ ಬಡಾವಣೆಯ ಹೆಬ್ಬಾಗಿಲಿನಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದೊಳಕ್ಕೆ ಹೋಗಿ, ಭಾರತ ಕಲಾಭವನವನ್ನು ನೋಡಿ ಬನ್ನಿ ಎಂದು ಕೇಳಿಕೊಳ್ಳುವುದಕ್ಕೇ ಈ ಬರಹ. ಚಿತ್ರ ನೋಡುವ ಅಭ್ಯಾಸವಿಲ್ಲ ಎನ್ನುವವರನ್ನೇ ಮುಖ್ಯವಾಗಿ ಕರೆಯುತ್ತಿದ್ದೇನೆ.

ಹಿಂದಿ ಸಾಹಿತಿ ರಾಯ್ ಕೃಷ್ಣದಾಸರು 1920ರಲ್ಲಿ ತಮ್ಮ ಸ್ವಂತ ಸಂಗ್ರಹದಿಂದ ಕಟ್ಟತೊಡಗಿದ ಸಂಸ್ಥೆ ಇದು. ಅಧ್ಯಕ್ಷರಾಗಿ ಜೊತೆಗೆ ನಿಂತವರು ರವೀಂದ್ರನಾಥ ಠಾಕೂರರು. 1950ರಲ್ಲಿ ಸಂಗ್ರಹವೆಲ್ಲ ವಿಶ್ವವಿದ್ಯಾಲಯಕ್ಕೆ ಸೇರಿತು. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಹಾಗಾಗಿ ಕನ್ನಡಿಗರು ಅಲ್ಲಿಗೆ ಪರಕೀಯರಾಗಿ ಹೋಗಬೇಕಿಲ್ಲ.

ಕಲಾಭವನದಲ್ಲಿ ಲಕ್ಷಕ್ಕೂ ಮಿಕ್ಕಿ ವಸ್ತುಗಳಿವೆ. ಎಲ್ಲವನ್ನೂ ನೋಡಿ ಮುಗಿಸುತ್ತೇನೆಂದು ಹೊರಟರೆ ಕಾಲು ನೋಯುತ್ತದೆಯೇ ಹೊರತು ಕಣ್ಣಿಗೆ ಏನೂ ದಕ್ಕುವುದಿಲ್ಲ. ನಾಣ್ಯ, ಮಣ್ಣಿನ ಬೊಂಬೆ, ಜರತಾರಿ ಬಟ್ಟೆಗಳನ್ನು ದಾಟಿಕೊಂಡು ನೇರ ಚಿಕಣಿ ಚಿತ್ರಗಳ ಬಳಿ ಹೋಗಿ. ಸುಮಾರು 12,000 ಚಿಕಣಿ ಚಿತ್ರಗಳ ಸಂಗ್ರಹವಿದು. ಪ್ರದರ್ಶನದಲ್ಲಿರುವುದು ಅದರ ಒಂದು ಭಾಗ ಮಾತ್ರ, ಅದೇ ಧಾರಾಳವಾಯಿತು.

ಮೊದಲು ತಿಳಿಯಬೇಕಾದ್ದು: ಚಿಕಣಿ ಚಿತ್ರ ಗೋಡೆಗೆಂದು ಹುಟ್ಟಿದ್ದಲ್ಲ. ಪುಸ್ತಕದ ಹಾಳೆಯಾಗಿ, ಇಲ್ಲವೇ ಬಿಡಿ ಹಾಳೆಯಾಗಿ, ಕೈಗೆತ್ತಿಕೊಂಡು ನೋಡಲೆಂದು ಬರೆದದ್ದು. ಆದ್ದರಿಂದ ದೂರ ನಿಂತು ತಲೆಯಾಡಿಸಿ ಮುಂದೆ ಹೋಗಬೇಡಿ. ಗಾಜಿನ ಹತ್ತಿರ, ಪುಸ್ತಕ ಓದುವಷ್ಟು ಸಮೀಪ ಬನ್ನಿ. ಬಣ್ಣ ಮಾಸದಿರಲೆಂದು ಇಂಥ ಕಡೆ ಬೆಳಕು ಮಂದವಾಗಿಟ್ಟಿರುತ್ತಾರೆ, ಕಣ್ಣು ಒಗ್ಗಲು ಒಂದೆರಡು ನಿಮಿಷ ಕೊಡಿ. ಹೆಸರಿನ ಫಲಕವನ್ನು ಆಮೇಲೆ ಓದಿ. ಶತಮಾನ, ಶೈಲಿ ಮೊದಲೇ ತಲೆಗೆ ಹೊಕ್ಕರೆ ಕಣ್ಣು ಸೋಮಾರಿಯಾಗುತ್ತದೆ.

ಮೊದಲ ಸುತ್ತು ಬಣ್ಣಕ್ಕೆ. ಹಲವು ಪದರ ಕಾಗದವನ್ನು ಅಂಟಿಸಿ ಗಟ್ಟಿ ಹಾಳೆ ಮಾಡಿ, ಬಣ್ಣ ಹಾಕಿ, ಅಕೀಕದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಜಮ್ಮುವಿನ ಬೆಟ್ಟಸೀಮೆಯ ಬಸೋಹ್ಲಿ ಶೈಲಿಯ ಚಿತ್ರ ಎದುರಾದರೆ ಒಡವೆಗಳ ಹಸಿರನ್ನು ಹುಡುಕಿ. ಪಚ್ಚೆಯಂತೆ ಮಿನುಗುವುದು ಎಷ್ಟೋ ಕಡೆ ಜೀರುಂಡೆಯ ರೆಕ್ಕೆಯ ಚೂರು. ನಮ್ಮ ಮೈಸೂರು ಚಿತ್ರಗಳಲ್ಲಿ ಗೆಸ್ಸೋ ಎಂಬ ಲೇಪದ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸುತ್ತಾರಲ್ಲ, ಆ ಕಣ್ಣಿನಿಂದ ನೋಡಿದರೆ ಇವರ ಜಾಣ್ಮೆ ಬೇಗ ಅರ್ಥವಾಗುತ್ತದೆ.

ಎರಡನೆಯ ಸುತ್ತು ಗೆರೆಗೆ. ಅಳಿಲಿನ ಕೂದಲಿನ ಕುಂಚದಲ್ಲಿ ಎಳೆದ ಹುಬ್ಬು, ಕಿವಿಯ ಬಳಿ ಜಾರಿದ ಕೂದಲು, ತೆಳು ಸೆರಗಿನ ಅಂಚು ಇವುಗಳನ್ನು ಒಂದೊಂದಾಗಿ ಹಿಂಬಾಲಿಸಿ. ಮೂರನೆಯದು ಕಥೆ. ಇಲ್ಲಿ ಮುಖಗಳು ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತವೆ, ಭಾವವೆಲ್ಲ ಕೈಗಳಲ್ಲಿ, ಮೋಡದಲ್ಲಿ, ಮರದಲ್ಲಿ. ಕತ್ತಲಲ್ಲಿ ಒಬ್ಬಳೇ ನಡೆಯುವ ಹೆಣ್ಣು, ಕಾಲಬಳಿ ಹಾವು, ಮೇಲೆ ಚಿನ್ನದ ಗೆರೆಯ ಮಿಂಚು: ಅವಳು ನಲ್ಲನ ಭೇಟಿಗೆ ಹೊರಟ ಅಭಿಸಾರಿಕೆ. ಭರತನಾಟ್ಯದ ಪದಗಳಲ್ಲಿ ಅಷ್ಟನಾಯಿಕೆಯರನ್ನು ಕಂಡವರಿಗೆ ಈ ಚಿತ್ರಗಳು ಅರ್ಧ ಗೊತ್ತಿದ್ದಂತೆಯೇ. ಲೌರ್–ಚಂದಾ ಪ್ರೇಮಕಥೆಯ ಹದಿನೈದನೆಯ ಶತಮಾನದ ಹಾಳೆಗಳೂ ಈ ಸಂಗ್ರಹದ ಆಸ್ತಿ. ಮೊಗಲರ ಕಾಲಕ್ಕೆ ಮುಂಚಿನ ಆ ನೇರ, ಸರಳ ರೂಪಗಳು ನನಗಂತೂ ದರ್ಬಾರಿನ ವೈಭವಕ್ಕಿಂತ ಹೆಚ್ಚು ಇಷ್ಟ.

ಮೂರೇ ಚಿತ್ರ ನೋಡಿ, ಒಂದೊಂದಕ್ಕೆ ಹತ್ತು ನಿಮಿಷ. ಸಾಕು.

ಆಮೇಲೆ ಶಿಲ್ಪಗಳ ನಡುವೆ ಕಾಶಿಯಲ್ಲೇ ಸಿಕ್ಕ ಗುಪ್ತರ ಕಾಲದ ಗೋವರ್ಧನಧಾರಿ ಕೃಷ್ಣನನ್ನು ಹುಡುಕಿ. ಹಳೇಬೀಡಿನ ಗೋವರ್ಧನಧಾರಿಯನ್ನು ನೆನಪಿಗೆ ತಂದುಕೊಳ್ಳಿ: ಬೆಟ್ಟದ ತುಂಬ ಮರ, ಪ್ರಾಣಿ, ಕೆಳಗೆ ಗೋವು, ಗೋಪಾಲರ ಸಂದಣಿ. ಇಲ್ಲಿ ಆ ಸಡಗರವಿಲ್ಲ. ಎತ್ತಿದ ತೋಳು, ತುಂಬು ಮೈ, ಭಾರವೇ ಇಲ್ಲವೆಂಬಂಥ ನಿಲುವು. ಯಾವುದು ಮೇಲು ಎಂಬ ಪ್ರಶ್ನೆ ಬೇಡ. ನಮ್ಮ ಶಿಲ್ಪಿ ಬೆಟ್ಟದಡಿಯ ಲೋಕವನ್ನೆಲ್ಲ ತೋರಿಸಿದ, ಇಲ್ಲಿನವನು ಎತ್ತುವ ಆ ಒಂದು ಗಳಿಗೆಯನ್ನು.

ಇನ್ನೊಂದು ಕೋಣೆಯಲ್ಲಿ ನಿಕೊಲಸ್ ರೋರಿಕ್ ಅವರ ಹಿಮಾಲಯ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕರನ್ನು ಕಂಡವರಿಗೆ ಅದು ಹಳೆಯ ಪರಿಚಯ. ಅಲಿಸ್ ಬೋನರ್ ಹೆಸರಿನ ಗ್ಯಾಲರಿಯನ್ನು ಮಾತ್ರ ಬಿಡಬೇಡಿ. ಸ್ವಿಟ್ಜರ್ಲೆಂಡಿನ ಈ ಶಿಲ್ಪಿ 1936ರಿಂದ ನಾಲ್ಕು ದಶಕ ಅಸ್ಸಿ ಘಾಟಿನ ಮನೆಯಲ್ಲಿ ಬಾಳಿದರು. ಎಲ್ಲೋರ, ಮಹಾಬಲಿಪುರ, ನಮ್ಮ ಬಾದಾಮಿಯ ಶಿಲ್ಪಗಳ ಮೇಲೆ ವೃತ್ತ, ಗೆರೆ ಎಳೆದು ಅವುಗಳೊಳಗಿನ ರೇಖಾಗಣಿತವನ್ನು ಬಿಡಿಸಿ ತೋರಿಸಿದವರು. ಬಾದಾಮಿಯ ನಟರಾಜನೆದುರು ಎಷ್ಟೋ ಸಲ ನಿಂತ ನಾವು ಆ ಚಕ್ರವನ್ನು ಕಂಡಿದ್ದೆವೇ?

ಹೊರಬಂದ ಕೂಡಲೇ ಆಟೋ ಹತ್ತಬೇಡಿ. ವಿಶ್ವವಿದ್ಯಾಲಯವನ್ನು ಕಟ್ಟಿದ ಮದನಮೋಹನ ಮಾಳವೀಯರ ಈ ಆವರಣ ಅರ್ಧಚಂದ್ರಾಕಾರದಲ್ಲಿ ಹರಡಿದೆ, ಸಾಲುಮರಗಳ ನೆರಳಿನಲ್ಲಿ ಅರ್ಧ ಗಂಟೆ ನಡೆಯಿರಿ. ಸಣ್ಣದನ್ನೇ ದಿಟ್ಟಿಸಿ ದಣಿದ ಕಣ್ಣಿಗೆ ದೂರದ ಹಸಿರು ಬೇಕು. ಡಿಸೆಂಬರ್ 25 ಮಾಳವೀಯರ ಜನ್ಮದಿನ. ಆ ಹೊತ್ತಿಗೆ ಮಾಳವೀಯ ಭವನದಲ್ಲಿ ಪುಷ್ಪಪ್ರದರ್ಶನ ನಡೆಯುತ್ತದೆ, ಊರಿಗೆ ಊರೇ ಸೇವಂತಿಗೆ ನೋಡಲು ಬರುತ್ತದೆ. ಚಿಕಣಿ ಚಿತ್ರಗಳ ಅಂಚಿನ ಹೂಬಳ್ಳಿಗಳನ್ನು ನೋಡಿದ ಕಣ್ಣು ಅಲ್ಲಿ ಒಂದೊಂದು ಎಸಳಿನ ಮುಂದೆಯೂ ತಡೆದು ನಿಲ್ಲುತ್ತದೆ.

ಭಾನುವಾರ ಮತ್ತು ವಿಶ್ವವಿದ್ಯಾಲಯದ ರಜೆಗಳಂದು ಕಲಾಭವನದ ಬಾಗಿಲು ಮುಚ್ಚಿರುತ್ತದೆ. ರೈಲಿನ ಟಿಕೆಟ್ ಮಾಡಿಸುವ ಮುಂಚೆಯೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.