ಸುಟ್ಟ ರಬ್ಬರಿನ ಅತ್ತರು

ಕಳೆದ ರಂಜಾನಿಗೆ ಊರಿಗೆ ಬಂದ ನಮ್ಮ ಖಾಲಾರ ಮಗ ಖರ್ಜೂರದ ಡಬ್ಬಿಯ ಜೊತೆ ಬೆರಳುದ್ದದ ನಾಲ್ಕು ಗಾಜಿನ ಶೀಷೆಗಳನ್ನೂ ತಂದಿದ್ದ. ದುಬೈಯ ಸುಗಂಧದ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. "ಭಾಯಿಜಾನ್, ನೀವು ಬರೆಯುವವರಲ್ಲವೇ? ಇವನ್ನು ಮೂಸಿ ನೋಡಿ ಏನನ್ನಿಸಿತು ಹೇಳಿ. ಇದರಲ್ಲಿ ಗುಲಾಬಿಯೂ ಇಲ್ಲ, ಮಲ್ಲಿಗೆಯೂ ಇಲ್ಲ" ಎಂದ. ಮೊದಲ ಶೀಷೆಯದನ್ನು ಅಮ್ಮಿಯ ಕೈಗೆ ಒಂದು ಹನಿ ಹಾಕಿದೆವು. ಮೂಸಿ ನೋಡಿದ ಅಮ್ಮಿ, "ಇದಕ್ಕೂ ದುಡ್ಡು ಕೊಡುತ್ತಾರಾ?" ಎಂದು ಕೇಳಿ ಎದ್ದು ಹೋಗಿ ಕೈ ತೊಳೆದುಕೊಂಡರು.

ಅಮ್ಮಿಯ ಪ್ರಶ್ನೆಯನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ವಿಮರ್ಶೆ ಶುರುವಾಗುವುದೇ ಅಲ್ಲಿಂದ. ಗುಲಾಬಿಯ ಅತ್ತರನ್ನು ಗುಲಾಬಿಯ ಪಕ್ಕದಲ್ಲಿಟ್ಟು ಅಳೆಯಬಹುದು. ಯಾವ ಹೂವನ್ನೂ ಹೋಲದ, ಹಿತವಾಗಿರಬೇಕೆಂಬ ಹಟವೂ ಇಲ್ಲದ ಸುಗಂಧವನ್ನು ಯಾವುದರ ಪಕ್ಕದಲ್ಲಿಟ್ಟು ಅಳೆಯುವುದು? ಈ ನಾಲ್ಕು ಶೀಷೆಗಳನ್ನೂ, ನಮ್ಮ ದೇಶದ್ದೇ ಆದ ಐದನೆಯದೊಂದನ್ನೂ ಮುಂದಿಟ್ಟುಕೊಂಡು ನಾವು ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇವೆ.

ನಾವು ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಅತ್ತರಿನ ಪೆಟ್ಟಿಗೆ ಬಿಚ್ಚಿಕೊಂಡು ಒಬ್ಬ ಹಿರಿಯರು ಕೂರುತ್ತಿದ್ದರು. ನಮಗೆ ಮೂಸುವುದನ್ನು ಕಲಿಸಿದವರು ಅವರೇ. "ಶೀಷೆಗೆ ಮೂಗು ಇಡಬೇಡ ಬೇಟಾ. ಕೈಯ ಹಿಂಬದಿಗೆ ಹಚ್ಚಿಕೋ. ನಮಾಜು ಮುಗಿಸಿ ಬಾ. ಆಮೇಲೆ ಬೆಲೆ ಕೇಳು" ಎನ್ನುತ್ತಿದ್ದರು. ಅತ್ತರು ಮೊದಲ ಕ್ಷಣದಲ್ಲಿ ಹೇಳುವುದು ಒಂದು, ಮೈಯ ಬಿಸಿಗೆ ಅರ್ಧ ಗಂಟೆ ಕಾದ ಮೇಲೆ ಹೇಳುವುದು ಇನ್ನೊಂದು. ಈಗಿನ ವಿಮರ್ಶಕರೂ ಇದನ್ನೇ ಮಾಡುತ್ತಾರೆ. ನಾವೂ ಒಂದು ದಿನಕ್ಕೆ ಒಂದೇ ಶೀಷೆಯಂತೆ, ಬೆಳಗಿನಿಂದ ಇಶಾ ನಮಾಜಿನ ಹೊತ್ತಿನವರೆಗೆ ಮೂಸಿದೆವು. ಸ್ಪಿರಿಟ್ ಬೆರೆತ ಸೆಂಟು ಹಚ್ಚಿಕೊಂಡು ನಮಾಜು ಮಾಡಬಹುದೇ ಎಂಬ ಮಾತೂ ಮನೆಯಲ್ಲಿ ಬಂತು. ಅದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಅದನ್ನು ಅವರಿಗೇ ಬಿಟ್ಟು ನಾವು ಅಂಗಿಯ ತೋಳಿಗೆ ಹಚ್ಚಿಕೊಂಡೆವು; ವುಜೂವಿನ ಮುಂಚೆ ಅಂಗಿ ಬದಲಿಸಿದೆವು.

ಹೂವಿನ ನಕಲಲ್ಲದ ಸುಗಂಧ ನಿನ್ನೆ ಮೊನ್ನೆಯದಲ್ಲ. 1882ರಲ್ಲಿ ಹೂಬಿಗಾಂ ಸಂಸ್ಥೆಗಾಗಿ ಪಾಲ್ ಪಾರ್ಕೆ ಎಂಬಾತ 'ಫೂಜೇರ್ ರಾಯಾಲ್' ತಯಾರಿಸಿದ. ಫೂಜೇರ್ ಎಂದರೆ ಜರೀಗಿಡ. ಜರೀಗಿಡಕ್ಕೆ ಹೂವೂ ಇಲ್ಲ, ಹೇಳಿಕೊಳ್ಳುವಂಥ ಕಂಪೂ ಇಲ್ಲ. ಕೂಮರಿನ್ ಎಂಬ ಪ್ರಯೋಗಾಲಯದ ರಾಸಾಯನಿಕವನ್ನು ಬಳಸಿ ಅವನು ಇಲ್ಲದ ವಾಸನೆಯೊಂದನ್ನು ಕಲ್ಪಿಸಿದ. 1921ರಲ್ಲಿ ಅರ್ನೆಸ್ಟ್ ಬೋ ಮಾಡಿದ 'ಶನೆಲ್ ನಂ. 5'ರಲ್ಲಿ ಮಲ್ಲಿಗೆ, ಗುಲಾಬಿ ಇದ್ದರೂ ಆಲ್ಡಿಹೈಡುಗಳ ಹೊಳಪಿನಲ್ಲಿ ಯಾವ ಹೂವೆಂದು ಬೆರಳು ಮಾಡಿ ಹೇಳಲಾಗದು. ಆದರೆ ಇವೆಲ್ಲ ಮೆಚ್ಚಿಸಲೆಂದೇ ಹುಟ್ಟಿದವು. ಮೆಚ್ಚಿಸಬೇಕೆಂಬ ಕರಾರನ್ನೇ ಮುರಿದವು ಆಮೇಲೆ ಬಂದವು. ಅಷ್ಟು ಹೊತ್ತಿಗೆ ಸುಗಂಧಕ್ಕೆ ಪುಸ್ತಕ, ಸಿನಿಮಾಗಳಿಗಿರುವಂತೆ ವಿಮರ್ಶಕರೂ ಹುಟ್ಟಿಕೊಂಡಿದ್ದರು. ಚಾಂಡ್ಲರ್ ಬರ್ 2006ರಿಂದ 2010ರವರೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸುಗಂಧ ವಿಮರ್ಶೆ ಬರೆದರು. 2012ರಲ್ಲಿ ನ್ಯೂಯಾರ್ಕಿನ ಕಲಾ ಸಂಗ್ರಹಾಲಯವೊಂದರಲ್ಲಿ ಶೀಷೆ, ಜಾಹೀರಾತು ಏನನ್ನೂ ತೋರಿಸದೆ ವಾಸನೆಗಳನ್ನಷ್ಟೇ ಪ್ರದರ್ಶನಕ್ಕಿಟ್ಟರು. ಲೂಕಾ ಟುರಿನ್ ಮತ್ತು ತಾನಿಯಾ ಸಾಂಚೆಝ್ 2008ರಲ್ಲಿ ಸುಗಂಧಗಳಿಗೆ ನಕ್ಷತ್ರದ ಅಂಕ ಕೊಟ್ಟು ದಪ್ಪನೆಯ ಕೈಪಿಡಿಯನ್ನೇ ಹೊರತಂದರು.

ಇನ್ನು ಶೀಷೆಗಳಿಗೆ ಬರೋಣ. ಅಮ್ಮಿ ಕೈ ತೊಳೆದುಕೊಂಡದ್ದು 'ಓದ್ಯೂರ್ 53' ಎಂಬುದಕ್ಕೆ. ಜಪಾನಿನ ರೇ ಕವಾಕುಬೊ ಅವರ ಕಾಮ್ ದೆ ಗಾರ್ಸಾನ್ ಸಂಸ್ಥೆ 1998ರಲ್ಲಿ ತಂದದ್ದು. ಹೆಸರಿನ ಅರ್ಥ ಬರೀ 'ವಾಸನೆ' ಎಂದು. ಅದರಲ್ಲಿ ಏನೇನಿದೆ ಎಂಬ ಪಟ್ಟಿಯೇ ಒಂದು ಕವಿತೆಯಂತಿದೆ: ಆಮ್ಲಜನಕ, ಲೋಹದ ಮಿಂಚು, ಗಾಳಿಗೆ ಒಣಗುವ ಬಟ್ಟೆ, ಮರಳ ದಿಬ್ಬ, ಉಗುರಿನ ಬಣ್ಣ, ಸುಟ್ಟ ರಬ್ಬರು. ಕಡೆಯ ಹೆಸರು ಓದಿ ನಾವು ಬೆಚ್ಚಿದೆವು. ಕಾರಣವನ್ನು ಮುಂದೆ ಹೇಳುತ್ತೇವೆ. ಮೂಗಿಗೆ ಬಂದದ್ದು ಮಾತ್ರ ಬಿಸಿಲಲ್ಲಿ ಒಣಗಿದ ಬಟ್ಟೆ, ತಣ್ಣನೆಯ ಸ್ಟೀಲ್ ಲೋಟ, ಉಗುರಿನ ಬಣ್ಣದ ಸಣ್ಣ ಘಾಟು. ರಬ್ಬರು ಎಲ್ಲೋ ಬೇರೆ ಬೀದಿಯಲ್ಲಿ ಸುಟ್ಟಂತಿತ್ತು. ಮಧ್ಯಾಹ್ನದ ಹೊತ್ತಿಗೆ ಒಗೆದ ಬಟ್ಟೆಯೊಂದೇ ಉಳಿಯಿತು. ಕತೆಗಿಂತ ಮುನ್ನುಡಿ ದೊಡ್ಡದಾದ ಸಂಕಲನದ ಹಾಗೆ ಇದು. ಧೈರ್ಯವೆಲ್ಲ ಪಟ್ಟಿಯಲ್ಲೇ ಖರ್ಚಾಗಿದೆ.

ಅದೇ ಸಂಸ್ಥೆಯ 'ಓದ್ಯೂರ್ 71' 2000ದಲ್ಲಿ ಬಂತು. ಬಿಸಿ ಬಲ್ಬಿನ ಮೇಲಿನ ಧೂಳು, ಜೆರಾಕ್ಸ್ ಯಂತ್ರದ ಟೋನರ್, ಪೆನ್ನಿನ ಇಂಕು, ಪೆನ್ಸಿಲ್ ಹೆರೆದ ಚೂರು ಇದರ ಪಟ್ಟಿಯಲ್ಲಿವೆ. ಇಲ್ಲಿ ಪಟ್ಟಿಗೂ ಮೂಗಿಗೂ ಜಗಳವಿಲ್ಲ. ಮೊದಲು ಮರದ ಚೂರಿನ ಒಣ ಕಂಪು. ಅದರ ಹಿಂದೆಯೇ ಇಂಕಿನ ತಣ್ಣನೆಯ ಒಗರು. ಆಮೇಲೆ ವಿದ್ಯುತ್ತಿನ ಬಿಸಿ. ನಮಗೆ ತಕ್ಷಣ ಉರ್ದು ಶಾಲೆಯ ಜೂನ್ ತಿಂಗಳ ಮೊದಲ ದಿನ ನೆನಪಾಯಿತು. ಹಾಗೆಂದು ಈ ನೆನಪನ್ನು ಸುಗಂಧದ ಲೆಕ್ಕಕ್ಕೆ ಬರೆಯುವುದು ತಪ್ಪು. ಬೇರೆ ಬಾಲ್ಯದವರಿಗೆ ಇದು ಸರ್ಕಾರಿ ಕಚೇರಿಯ ಕಡತದ ಕೋಣೆಯಾಗಬಹುದು. ಇದರ ನಿಜವಾದ ಗುಣ ಹದ. ಬಿಸಿ ಹೆಚ್ಚಾದರೆ ಸೀದ ವಾಸನೆ, ಇಂಕು ಹೆಚ್ಚಾದರೆ ಔಷಧಿಯ ಅಂಗಡಿ. ಎರಡೂ ಆಗದಂತೆ ಸಂಜೆಯವರೆಗೆ ನಿಲ್ಲುತ್ತದೆ. ನಾಲ್ಕರಲ್ಲಿ ನಮಗೆ ಇದೇ ಉತ್ತಮ.

ಮೂರನೆಯದು 'ಸೆಕ್ರೆಸಿಯಾಂ ಮಾನ್ಯಿಫೀಕ್'. ಫ್ರಾನ್ಸಿನ ಎತಾ ಲಿಬ್ರ್ ದೊರಾಂಜ್ ಸಂಸ್ಥೆಗಾಗಿ ಆಂಟ್ವಾನ್ ಲೀ 2006ರಲ್ಲಿ ಮಾಡಿದ್ದು. ರಕ್ತ, ಬೆವರು, ಜೊಲ್ಲು, ಹಾಲು ಹೀಗೆ ದೇಹದ ಸ್ರಾವಗಳೇ ಇದರ ವಸ್ತು. ಲೂಕಾ ಟುರಿನ್ ತಮ್ಮ ಕೈಪಿಡಿಯಲ್ಲಿ ಇದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರೆ. ಮೂಸಿದವರಲ್ಲಿ ವಾಕರಿಸಿದವರೂ ಬಹಳ. ನಮಗೂ ಮೊದಲ ಹತ್ತು ನಿಮಿಷ ತಡೆಯಲಾಗಲಿಲ್ಲ: ತುಕ್ಕು ಹಿಡಿದ ಕಬ್ಬಿಣ, ಕಡಲಿನ ಉಪ್ಪು, ಹಸಿ ಹಾಲಿನ ಕಮಟು. ಅಮ್ಮಿ ಬೇಡವೆನ್ನಲಿಲ್ಲ. ನಮ್ಮ ತೋಳು ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಇದು ಬಾಣಂತಿ ಕೋಣೆ ಅಲ್ಲವೇನೋ? ಲೋಬಾನ ಹಾಕುವುದಕ್ಕೆ ಮುಂಚೆ ಹೀಗೇ ಇರುತ್ತೆ" ಎಂದರು.

ನಾಲ್ಕು ಮಕ್ಕಳನ್ನು ಹೆತ್ತ ಹೆಂಗಸು ಹೇಳಿದ ಈ ಮಾತಿನ ಮುಂದೆ ಐದು ನಕ್ಷತ್ರಗಳು ನಮಗೆ ಸಪ್ಪೆಯಾಗಿ ಕಂಡವು. ಇದರ ಹೆಸರು, ಲೇಬಲಿನ ಚಿತ್ರ ಎಲ್ಲ ಗಂಡಸಿನ ಪೋಲಿತನದ್ದು. ಬೆಚ್ಚಿಬೀಳಿಸಿ ಮಾರುವ ಉಪಾಯ. ಒಳಗಿರುವ ವಾಸನೆ ಅದಕ್ಕಿಂತ ದೊಡ್ಡದು. ರಕ್ತವನ್ನೂ ಹಾಲನ್ನೂ ಹೀಗೆ ಒಟ್ಟಿಗೆ ನಿಲ್ಲಿಸಿದ ಕೈ ಸಾಮಾನ್ಯದ್ದಲ್ಲ. ಹಚ್ಚಿಕೊಂಡು ತಿರುಗುವಂಥದ್ದಲ್ಲ ನಿಜ, ಆದರೆ ಮೈಲಿಗೆಯೆಂದು ಬಾಗಿಲು ಮುಚ್ಚಿಟ್ಟ ಕೋಣೆಯೊಂದನ್ನು ಇದು ತೆರೆದು ತೋರಿಸುತ್ತದೆ.

ನಾಲ್ಕನೆಯದು ಗೇಜಾ ಶೋನ್ ಅವರ 'ಮಾಲಿಕ್ಯೂಲ್ 01', ಇದೂ 2006ರದ್ದೇ. ಇದರ ಪರಿಮಳವೆಲ್ಲ ಒಂದೇ ರಾಸಾಯನಿಕದ್ದು, ಐಸೊ ಇ ಸೂಪರ್. ಬೇರೆ ಸಾವಿರಾರು ಸೆಂಟುಗಳಲ್ಲಿ ಹಿನ್ನೆಲೆಗೆ ಬಳಸುವ ವಸ್ತು ಇಲ್ಲಿ ಒಂಟಿಯಾಗಿ ನಿಂತಿದೆ. ನಯವಾಗಿ ಕೆತ್ತಿದ ದೇವದಾರಿನ ತುಂಡಿನ ಹಾಗೆ ಒಮ್ಮೆ ಬರುತ್ತದೆ, ಮತ್ತೆ ಮಾಯವಾಗುತ್ತದೆ. ಕೆಲವರ ಮೂಗಿಗೆ ಸುಳಿಯುವುದೇ ಇಲ್ಲ. ನಮ್ಮ ಖಾಲಾರ ಮಗ ಖಾಲಿ ಶೀಷೆಯೆಂದು ವಾದಿಸಿದ. ಹಿತವಾಗಿದೆ, ಜಾಣತನವೂ ಇದೆ. ಆದರೆ ಒಂದು ಒಳ್ಳೆಯ ಶಬ್ದವನ್ನು ಹೆಕ್ಕಿ ತೋರಿಸುವುದು ಕತೆ ಬರೆದಂತಲ್ಲ.

ಈಗ ಐದನೆಯದು. ಮಸೀದಿ ಬಾಗಿಲಿನ ಆ ಪೆಟ್ಟಿಗೆಯಲ್ಲಿ ಮಿಟ್ಟಿ ಅತ್ತರಿನ ಒಂದು ಶೀಷೆ ಇರುತ್ತಿತ್ತು. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇದನ್ನು ತಯಾರಿಸುತ್ತಾರೆ. ಸುಟ್ಟ ಜೇಡಿಮಣ್ಣಿನ ತುಂಡುಗಳನ್ನು ದೇಗ್ ಎಂಬ ತಾಮ್ರದ ಹಂಡೆಗೆ ಹಾಕಿ, ನೀರು ಬೆರೆಸಿ, ಮುಚ್ಚಳವನ್ನು ಮಣ್ಣಿನಿಂದಲೇ ಮೆತ್ತಿ ಕೆಳಗೆ ಬೆಂಕಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಅಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವುದು ಶ್ರೀಗಂಧದ ಎಣ್ಣೆ. ಮೈಸೂರು ಸೀಮೆಯ ಗಂಧಕ್ಕೂ ಕನ್ನೌಜಿನ ಮಣ್ಣಿಗೂ ಹೀಗೆ ಹಳೆಯ ನಂಟು. ಶೀಷೆ ತೆರೆದರೆ ಒಣ ನೆಲಕ್ಕೆ ಬಿದ್ದ ಮೊದಲ ಮಳೆ.

ಆ ವಾಸನೆಗೆ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 'ಪೆಟ್ರಿಕೋರ್' ಎಂದು ಹೆಸರಿಟ್ಟದ್ದು 1964ರಲ್ಲಿ. ತಮ್ಮ ಲೇಖನದಲ್ಲಿ ಅವರು ಭಾರತದ ಮಿಟ್ಟಿ ಅತ್ತರನ್ನೂ ನೆನೆದಿದ್ದಾರೆ. ವಿಜ್ಞಾನ ಹೆಸರಿಡುವ ಮೊದಲೇ ನಮ್ಮ ಕುಶಲಕರ್ಮಿಗಳು ಅದನ್ನು ಶೀಷೆಗೆ ಇಳಿಸಿದ್ದರು. ಹೂವಿಲ್ಲ, ಹಣ್ಣಿಲ್ಲ, ಮಣ್ಣು ಮತ್ತು ಮಳೆ. ಇದಕ್ಕಿಂತ ಅಮೂರ್ತ ಸುಗಂಧ ಬೇಕೆ? ಅದನ್ನು ಮಾಡಿದವರನ್ನು ಮಾತ್ರ ಯಾರೂ ಕಲಾವಿದರೆಂದು ಕರೆಯಲಿಲ್ಲ. ಶೀಷೆಯ ಮೇಲೆ ಅವರ ಹೆಸರೂ ಇಲ್ಲ. ಶ್ರೀಗಂಧ ತುಟ್ಟಿಯಾದ ಮೇಲೆ ಅನೇಕರು ಪ್ಯಾರಾಫಿನ್ ಎಣ್ಣೆಗೆ ಇಳಿದಿದ್ದಾರೆ. ಈಚೆಗೆ ನಾವು ಕೊಂಡ ಶೀಷೆಯಲ್ಲಿ ಮಳೆ ಹತ್ತು ನಿಮಿಷಕ್ಕೇ ನಿಂತುಹೋಯಿತು. ಪ್ಯಾರಿಸ್ಸಿನ ಶೀಷೆಗೆ ಕೇಳುವ ಪ್ರಶ್ನೆಗಳನ್ನು ವಿಮರ್ಶಕ ಇದಕ್ಕೂ ಕೇಳಬೇಕು.

ಇನ್ನು ಸುಟ್ಟ ರಬ್ಬರಿನ ವಿಷಯ. ನಮ್ಮ ಅಬ್ಬಾ ಪಂಚರ್ ಅಂಗಡಿ ಇಟ್ಟಿದ್ದರು. ಟ್ಯೂಬಿಗೆ ಪ್ಯಾಚ್ ಇಟ್ಟು ಬಿಸಿ ಅಚ್ಚಿನಲ್ಲಿ ಒತ್ತಿದಾಗ ಏಳುವ ಹೊಗೆ, ಸೊಲ್ಯೂಷನ್ನಿನ ಘಾಟು ಅವರ ಅಂಗಿಯಲ್ಲಿ, ಬೆರಳಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಶುಕ್ರವಾರ ಸೀಮೆಎಣ್ಣೆಯಿಂದ ಕೈ ಉಜ್ಜಿ, ಸೋಪು ಹಾಕಿ ತೊಳೆದು, ಮೇಲೆ ಅತ್ತರು ಹಚ್ಚುತ್ತಿದ್ದರು. ಆದರೂ ಸಫ್‌ನಲ್ಲಿ ಪಕ್ಕ ನಿಂತರೆ ರಬ್ಬರು ತಿಳಿಯುತ್ತಿತ್ತು. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ಮೇಲೆ, ಬೆಳಿಗ್ಗೆ ಅಂಗಡಿಯಲ್ಲಿ ಕೈಜೋಡಿಸಿ ಹೋದ ಒಂದು ದಿನ ಮೇಷ್ಟ್ರೊಬ್ಬರು ಮೂಗು ಸಿಂಡರಿಸಿ ನಮ್ಮನ್ನು ಕಡೆಯ ಬೆಂಚಿಗೆ ಕಳಿಸಿದರು. ಆ ವರ್ಷವೆಲ್ಲ ನಾವು ಅಲ್ಲೇ ಕೂತೆವು. 'ಪಂಚರ್ ಹಾಕುವವರು' ಎಂಬುದು ಇಡೀ ಸಮುದಾಯವನ್ನು ಹೀಯಾಳಿಸುವ ಬೈಗುಳವಾದದ್ದನ್ನೂ ಮುಂದೆ ನೋಡಿದೆವು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ದಲ್ಲಾಳಿಯೊಬ್ಬ ನಮ್ಮ ಹೆಸರು ಕೇಳಿದ ಮೇಲೆ, "ಸಾರ್, ಓನರಿಗೆ ಅಡುಗೆ ವಾಸನೆ ಆಗೋದಿಲ್ಲ" ಎಂದ. ಮನೆ ಕೊಡುವುದಿಲ್ಲ ಎನ್ನಲು ನಾಚಿಕೆಪಡುವವರೂ ವಾಸನೆಯ ಹೆಸರಿನಲ್ಲಿ ಅದನ್ನು ಸಲೀಸಾಗಿ ಹೇಳಬಲ್ಲರು. ಚರ್ಮ ಹದಮಾಡುವವರು, ಮೀನು ಮಾರುವವರು, ಚರಂಡಿಗೆ ಇಳಿಯುವವರು ನಮಗಿಂತ ಎಷ್ಟೋ ಮೊದಲಿನಿಂದ ಇದನ್ನು ಕೇಳುತ್ತ ಬಂದಿದ್ದಾರೆ.

ದುಡಿಮೆಯಿಂದ ಮೈಗಂಟಿದ ರಬ್ಬರಿನ ವಾಸನೆಗೆ ಕಡೆಯ ಬೆಂಚು, ದುಡ್ಡು ಕೊಟ್ಟು ಹಚ್ಚಿಕೊಂಡ ರಬ್ಬರಿನ ವಾಸನೆಗೆ ಕಲೆಯೆಂಬ ಗೌರವ. ಹಾಗೆಂದು ಈ ಶೀಷೆಗಳನ್ನು ಒಡೆದುಹಾಕಿ ಎಂದು ನಾವು ಹೇಳುವುದಿಲ್ಲ. ಉರ್ದುವಿನಲ್ಲಿ 'ಬೂ', ಕನ್ನಡದಲ್ಲಿ 'ಗಂಧ' ಎಂದರೆ ಮೂಲದಲ್ಲಿ ಬರೀ ವಾಸನೆ. ಖುಷ್, ಬದ್, ಸು, ದುರ್ ಎಂದು ಮುಂದೆ ಸೇರಿಸಿದವರು ಮನುಷ್ಯರು. ಹೀಗೆ ಸೇರಿಸುವ ಮೊದಲು ಮೂಗನ್ನು ಸ್ವಲ್ಪ ತಡೆದು ನಿಲ್ಲಿಸುವುದಾದರೆ ಇಂಥ ಸುಗಂಧಗಳಿಂದ ಉಪಕಾರವಿದೆ. 71 ಅದನ್ನು ಮಾಡುತ್ತದೆ. ಆಂಟ್ವಾನ್ ಲೀಯವರ ಶೀಷೆಯೂ, ಲೇಬಲು ಕಿತ್ತರೆ, ಮಾಡುತ್ತದೆ. 53 ರಬ್ಬರಿನ ಹೆಸರನ್ನಷ್ಟೇ ಎರವಲು ತಂದು ಒಗೆದ ಬಟ್ಟೆ ಕೊಡುತ್ತದೆ. ಅಮೂರ್ತ ಸುಗಂಧವನ್ನು ಯಾವುದರ ಪಕ್ಕ ಇಟ್ಟು ಅಳೆಯಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಅದು ಯಾವ ಬದುಕಿನಿಂದ ವಾಸನೆಯನ್ನು ತಂದಿದೆಯೋ ಆ ಬದುಕಿನ ಪಕ್ಕ.

ಇದನ್ನು ಅಳೆಯುವ ಶಬ್ದಗಳಿಗೂ ನಾವು ಫ್ರೆಂಚರ ಬಾಗಿಲಿಗೆ ಹೋಗಬೇಕಿಲ್ಲ. ಘಾಟು, ಕಮಟು, ಮುಗ್ಗು, ಸೀದದ್ದು, ಒಗರು, ಅವರೆಕಾಯಿಯ ಸೊಗಡು ಎಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ.

ರಂಜಾನ್ ಮುಗಿಯುವ ಮುಂಚೆ 53ನ್ನು ಮತ್ತೊಮ್ಮೆ ತೋಳಿಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಅಮ್ಮಿಯ ಮುಂದೆ ಹಿಡಿದೆವು. ಇದರಲ್ಲಿ ಸುಟ್ಟ ರಬ್ಬರು ಇದೆಯಂತೆ ಎಂದೂ ಹೇಳಿದೆವು. ಈ ಸಲ ಅವರು ಕಣ್ಣು ಮುಚ್ಚಿ ಹುಡುಕಿದರು. ಆಮೇಲೆ ತಲೆಯಾಡಿಸಿ, "ಸಾಲದು. ನಿಮ್ಮ ಅಬ್ಬಾರ ಅಂಗಿಯದು ಇದಕ್ಕಿಂತ ಜೋರಾಗಿತ್ತು" ಎಂದರು.