ಬಣ್ಣದ ಗಾಜನ್ನು ಓದುವ ಬಗೆ

ಬೆಳುವಾಯಿಯಿಂದ ಮೂಡುಬಿದಿರೆಗೆ ಹೋಗಲಿ, ಕಾರ್ಕಳಕ್ಕೆ ಹೋಗಲಿ, ಬಸದಿ, ದೈವಸ್ಥಾನ, ಮಸೀದಿ, ಇಗರ್ಜಿಗಳು ಒಂದೇ ಬಸ್ಸಿನ ದಾರಿಯಲ್ಲಿ ಸಿಗುತ್ತವೆ. ನೆರೆಯವರ ಹಬ್ಬದ ದಿನ, ಅಡುಗೆಯ ರುಚಿ ನಮಗೆ ಗೊತ್ತು. ಅವರ ಪ್ರಾರ್ಥನಾಲಯದಲ್ಲಿ ಕಾಣುವ ಚಿಹ್ನೆಗಳ ಅರ್ಥ ಕೇಳಿದರೆ ಮಾತ್ರ ತಡವರಿಸುತ್ತೇವೆ. ಚರ್ಚಿನ ಬಣ್ಣದ ಗಾಜನ್ನು ಬರೀ ಅಲಂಕಾರವೆಂದು ನೋಡಿ ಮುಂದೆ ಹೋಗುವವರೇ ಹೆಚ್ಚು.

ಈ ಕಲೆ ಕಾಣಲು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಬೇಕು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಈ ಕಟ್ಟಡಕ್ಕೆ ಗಾಜು ಬಂದದ್ದು ಫ್ರಾನ್ಸಿನಿಂದ. ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣಗಳು ಅಲ್ಲಿ ಚಿತ್ರಿತವಾಗಿವೆ. ಒಂದು ಬದುಕಿನ ಕಥೆಯನ್ನು ಇಷ್ಟೇ ಘಟ್ಟಗಳಲ್ಲಿ ಹೇಳಿರುವುದು ಕಥೆ ಬರೆಯುವವರು ಗಮನಿಸಬೇಕಾದ ಸಂಗತಿ.

ಗಾಜು ಕರಗುವಾಗ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರವೋ ಚಿನ್ನವೋ ಸೇರಿದರೆ ಕೆಂಪು. ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುತ್ತಾರೆ. ಇಷ್ಟರಲ್ಲಿ ಹೆಚ್ಚು ವಿವರ ತುಂಬಲಾಗದು; ಆದ್ದರಿಂದ ಚಿಹ್ನೆಗಳೇ ಮಾತಾಡಬೇಕು. ಕ್ರೈಸ್ತ ಪರಂಪರೆಯಲ್ಲಿ ನೀಲಿ ಹೊದಿಕೆ ಕಂಡರೆ ಮರಿಯಮ್ಮ, ಪಾರಿವಾಳ ಕಂಡರೆ ಪವಿತ್ರಾತ್ಮ, ಕುರಿಮರಿ ಎಂದರೆ ಬಲಿಯಾದ ಯೇಸು, ಬೀಗದ ಕೈ ಹಿಡಿದವನು ಪೇತ್ರ. ಓದು ಬಾರದವರಿಗೂ ಇದು ತಿಳಿಯುತ್ತಿತ್ತು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ದೀಪ ಹಚ್ಚಿ ರಾತ್ರಿಯೂ ನೋಡಬಹುದು. ಗಾಜಿನ ಕಿಟಕಿ ಹಾಗಲ್ಲ. ಹೊತ್ತು ಮುಳುಗಿದರೆ ಒಳಗಿದ್ದವರಿಗೆ ಅದು ಕಪ್ಪು. ಬೆಳಕು ತನ್ನದಲ್ಲ, ಹೊರಗಿನಿಂದ ಬರಬೇಕಾದದ್ದು ಎಂಬುದೇ ಈ ಕಲೆಯ ದೊಡ್ಡ ಸಂಕೇತ.

ಇದು ಮುಸ್ಲಿಮರಿಗೆ ಅಪರಿಚಿತವೇನಲ್ಲ. ಸೂರಃ ಅನ್ನೂರ್‌ನ 35ನೇ ಆಯತ್ ಅಲ್ಲಾಹನ ಬೆಳಕಿಗೆ ಗೂಡು, ದೀಪ, ಗಾಜುಗಳ ಉಪಮೆ ಕೊಡುತ್ತದೆ. 14ನೇ ಶತಮಾನದ ಕೈರೋದ ಮಸೀದಿಗಳ ಗಾಜಿನ ದೀಪಗಳ ಮೇಲೆ ಇದೇ ಆಯತ್ತನ್ನು ಬರೆಯುತ್ತಿದ್ದರು. ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿಯಲ್ಲಿ ಬಣ್ಣದ ಗಾಜಿನ ಕಿಟಕಿಗಳಿವೆ. ಮನುಷ್ಯರೂಪಗಳಿಲ್ಲ, ಹೂಬಳ್ಳಿ ಮತ್ತು ಅಕ್ಷರಗಳಿವೆ.

ಭಿನ್ನಾಭಿಪ್ರಾಯವನ್ನು ಮುಚ್ಚಿಡಬೇಕಿಲ್ಲ. ಮರ್ಯಮರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಈಸಾ(ಅ)ರನ್ನು ಶಿಲುಬೆಗೇರಿಸಲಾಗಲಿಲ್ಲವೆಂಬುದು ಅದರ ನಿಲುವು. ಶಿಲುಬೆಯ ಕಿಟಕಿಯ ಮುಂದೆ ಮುಸ್ಲಿಮನ ನಂಬಿಕೆ ಬೇರೆಯೇ. ಆದರೆ ಒಂದು ಚಿಹ್ನೆಯನ್ನು ಅರ್ಥ ಮಾಡಿಕೊಳ್ಳಲು ಅದನ್ನು ನಂಬಲೇಬೇಕೆಂದಿಲ್ಲ. ಕ್ರೈಸ್ತ ಕಲೆಯ ಬಗ್ಗೆಯೂ ಒಂದು ತಕರಾರಿದೆ: ಮೈಸೂರಿನ ಬಿಸಿಲಿನಲ್ಲಿಯೂ ಬೆತ್ಲೆಹೇಮನ್ನು ಫ್ರಾನ್ಸಿನ ಕಣ್ಣಿನಿಂದಲೇ ನೋಡಬೇಕಾಗಿದೆ. ಈ ನೆಲದ ಮುಖ, ಗಿಡಮರಗಳು ಆ ಗಾಜಿಗೆ ಇಳಿಯಬೇಕಿತ್ತು.

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಒಡೆದವರಿಗೆ ಅಲ್ಲಿ ಕಂಡದ್ದು ಶತ್ರುವಿನ ಗುರುತು ಮಾತ್ರ, ಅದರ ಹಿಂದಿನ ಕಥೆಯಲ್ಲ. ದಾಳಿಯನ್ನು ಖಂಡಿಸುವುದು ಅಗತ್ಯ, ಆದರೆ ಸಾಲದು. ಮಸೀದಿಯ ಅಕ್ಷರ, ಬಸದಿಯ ಕಂಬ, ಇಗರ್ಜಿಯ ಗಾಜು ಏನು ಹೇಳುತ್ತವೆಂಬುದನ್ನು ನಮ್ಮ ಮಕ್ಕಳಿಗೆ ಕಲಿಸುವ ಕೆಲಸ ಇನ್ನೂ ಬಾಕಿಯಿದೆ.