ಎಣ್ಣೆ ಲೇನಿನಲ್ಲಿ ಕೋರ್‌ಗೆ ಸಿಕ್ಕ ಅತಿಕೀರ್ತಿ

ಬೆಂಗಳೂರಿನ ಬೌಲಿಂಗ್ ಅಂಗಣಗಳಲ್ಲಿ ಟೆನ್‌ಪಿನ್ ಆಟವನ್ನು ಸ್ಪರ್ಧೆಯಾಗಿ ಆಡಲು ಹೊರಟ ಯಾರಿಗಾದರೂ ಮೊದಲ ತಿಂಗಳಲ್ಲೇ ಸಿಗುವ ಸಲಹೆಯೊಂದಿದೆ: ಲೇನಿನಲ್ಲಿ ಎಣ್ಣೆ ಜಾಸ್ತಿಯಿದ್ದರೆ ಬಲವಾದ ಕೋರ್ ಇರುವ ಚೆಂಡು ಕೊಳ್ಳಿ. ತಯಾರಕರ ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಚೆಂಡನ್ನು ಸೀಳಿದಂತೆ ಚಿತ್ರ ಬರೆದು, ಒಳಗಿರುವ ಓರೆಕೋರೆ ಆಕಾರದ ಗಟ್ಟಿಯನ್ನು ಬಣ್ಣಬಣ್ಣದಲ್ಲಿ ತೋರಿಸುತ್ತವೆ. ಆ ಗಟ್ಟಿಗೆ ಹೆಸರು, ಅದರ ಅಂಕಿಗಳಿಗೆ ಪಟ್ಟಿ, ಪಟ್ಟಿಗೆ ತಕ್ಕ ಬೆಲೆ. ಕೋರ್ ನಿಷ್ಪ್ರಯೋಜಕವೆಂದು ನಾನು ವಾದಿಸುತ್ತಿಲ್ಲ. ಎಣ್ಣೆಯ ಲೇನಿನ ಮಟ್ಟಿಗೆ ಅದಕ್ಕೆ ಸಲ್ಲುತ್ತಿರುವ ಕೀರ್ತಿಯ ಬಹುಪಾಲು ಚೆಂಡಿನ ಹೊರಮೈಗೆ ಸಲ್ಲಬೇಕು. ಅದರಲ್ಲೂ ಆಟಗಾರನೇ ತನ್ನ ಕೈಯಾರೆ ಉಜ್ಜಿ ಬದಲಿಸಬಹುದಾದ ಆ ಮೈಯ ಒರಟುತನಕ್ಕೆ ಸಲ್ಲಬೇಕು ಎಂಬುದು ನನ್ನ ವಾದ.

'ಎಣ್ಣೆ ಜಾಸ್ತಿ' ಎಂಬ ಮಾತೇ ಅರೆಬರೆ. ಫೌಲ್ ಲೈನಿನಿಂದ ಮೊದಲ ಪಿನ್‌ವರೆಗೆ ಲೇನ್ 60 ಅಡಿ ಉದ್ದ, ಅಡ್ಡಕ್ಕೆ 39 ಬೋರ್ಡ್, ಅಂದರೆ ಹಲಗೆ ಪಟ್ಟಿಗಳು. ಎಣ್ಣೆ ಈ ಪೂರ್ತಿ ಉದ್ದಕ್ಕೆ ಇರುವುದಿಲ್ಲ. ಎಣ್ಣೆ ಹಾಸಿದ ವಿನ್ಯಾಸ, ಅಂದರೆ ಪ್ಯಾಟರ್ನ್, 35 ಅಡಿಗೆ ನಿಲ್ಲಬಹುದು, 45ಕ್ಕೂ ಹೋಗಬಹುದು. ಎಷ್ಟು ದೂರ, ಎಷ್ಟು ಪ್ರಮಾಣ, ನಡುವಿನ ಬೋರ್ಡುಗಳಿಗೂ ಅಂಚಿನ ಬೋರ್ಡುಗಳಿಗೂ ಯಾವ ಅನುಪಾತ ಎಂಬ ಮೂರೂ ಬೇರೆ ಬೇರೆ ಪ್ರಶ್ನೆಗಳು. ಸಾಮಾನ್ಯ ಗಿರಾಕಿಗಳಿಗೆಂದು ಹಾಕುವ ಹೌಸ್ ಪ್ಯಾಟರ್ನಿನಲ್ಲಿ ನಡುವಿನ ಎಣ್ಣೆ ಅಂಚಿನದರ ಹತ್ತು ಪಟ್ಟಿರಬಹುದು. ಅಂಚಿಗೆ ಹೊರಳಿದ ಚೆಂಡು ಒಣ ಬೋರ್ಡು ಸಿಕ್ಕಿ ತಾನಾಗಿ ಪಾಕೆಟ್ಟಿಗೆ, ಅಂದರೆ ಮೊದಲ ಪಿನ್ನಿಗೂ ಅದರ ಪಕ್ಕದ ಪಿನ್ನಿಗೂ ನಡುವಿನ ಜಾಗಕ್ಕೆ, ಮರಳುತ್ತದೆ. ಸ್ಪರ್ಧೆಗೆಂದು ಹಾಕುವ ಸ್ಪೋರ್ಟ್ ಪ್ಯಾಟರ್ನಿನಲ್ಲಿ ಈ ಅನುಪಾತ ಮೂರಕ್ಕೊಂದು ಅಥವಾ ಅದಕ್ಕಿಂತ ಕಡಿಮೆ. ಎರಡು ಬೋರ್ಡ್ ತಪ್ಪಿದರೆ ಯಾರೂ ಕೈಹಿಡಿಯುವುದಿಲ್ಲ. ಪ್ಯಾಟರ್ನಿನ ಉದ್ದದಿಂದ 31 ಕಳೆದರೆ ಚೆಂಡು ಹೊರಳಬೇಕಾದ ಬೋರ್ಡು ಸಿಗುತ್ತದೆಂಬ ಹಳೆಯ ಲೆಕ್ಕ ಎಲ್ಲರಿಗೂ ಗೊತ್ತು. 45 ಅಡಿಯ ಪ್ಯಾಟರ್ನಿಗೆ 14ನೇ ಬೋರ್ಡು, 35ಕ್ಕೆ 4ನೇದು. ಅಂದರೆ ಉದ್ದ ಪ್ಯಾಟರ್ನಿನಲ್ಲಿ ಚೆಂಡು ಒಳಗಿನ ದಾರಿಯಲ್ಲೇ, ಹೆಚ್ಚು ಬಾಗದೆ ಹೋಗಬೇಕು. ಅಲ್ಲಿಗೆ ಭಾರಿ ತಿರುವಿನ ಚೆಂಡು ಬೇಕೆನ್ನುವ ಸಲಹೆಯ ಅರ್ಧ ಬಲ ಇಲ್ಲೇ ಕುಸಿಯುತ್ತದೆ.

ಇನ್ನು ಎಣ್ಣೆಗೂ ಚೆಂಡಿಗೂ ಮುಖಾಮುಖಿಯಾಗುವ ಜಾಗ ನೋಡೋಣ. ಎಸೆದ ಚೆಂಡು ಮೊದಲು ಜಾರುತ್ತದೆ, ನಂತರ ಬಾಗುತ್ತದೆ, ಕೊನೆಗೆ ಉರುಳುತ್ತದೆ. ಜಾರುವುದು ನಿಲ್ಲಬೇಕಾದರೆ ಮೈ ಲೇನನ್ನು ಕಚ್ಚಬೇಕು. ಆಷಾಢದ ಮಳೆಯಲ್ಲಿ ಮಲೆನಾಡಿನ ಭಂಡಿಗಡಿ ಕಡೆಯ ಅಡಿಕೆ ತೋಟದ ಪಾಚಿಗಟ್ಟಿದ ಕಲ್ಲಿನ ಮೇಲೆ ನಡೆಯುವವನನ್ನು ಬೀಳದಂತೆ ಕಾಯುವುದು ಚಪ್ಪಲಿಯ ಅಟ್ಟೆಯ ಗೆರೆಗಳೇ. ಚೆಂಡಿನ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು ಮಾಡುವುದೂ ಅದೇ ಕೆಲಸ. ಅವು ಎಣ್ಣೆಯ ಪದರವನ್ನು ದಾಟಿ ಲೇನಿಗೆ ತಾಗುತ್ತವೆ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ನಡೆಸಿದ ಚೆಂಡಿನ ಚಲನೆಯ ಅಧ್ಯಯನದಲ್ಲೂ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವ ಅಂಶಗಳ ಸಾಲಿನಲ್ಲಿ ಮೇಲೆ ಬಂದದ್ದು ಹೊರಮೈಯ ಒರಟುತನವೇ. ಈ ಒರಟುತನವನ್ನು ಉಜ್ಜುವ ಪ್ಯಾಡಿನ ಗ್ರಿಟ್‌ನಿಂದ ಅಳೆಯುತ್ತೇವೆ. 500 ಗ್ರಿಟ್‌ನಲ್ಲಿ ಉಜ್ಜಿದರೆ ಮೈ ಮಂಕಾಗಿ ಬೇಗ ಕಚ್ಚುತ್ತದೆ, 4000ದಲ್ಲಿ ಉಜ್ಜಿದರೆ ನಯವಾಗಿ ದೂರದವರೆಗೆ ಜಾರುತ್ತದೆ, ಪಾಲಿಶ್ ಹಾಕಿದರೆ ಇನ್ನೂ ದೂರ. ಒಂದೇ ಚೆಂಡು, ಒಂದೇ ಕೋರ್, ಒಂದೇ ಕೈ. ಪ್ಯಾಡ್ ಬದಲಿಸಿದ ಮಾತ್ರಕ್ಕೆ ಚೆಂಡು ಬಾಗುವ ಜಾಗ ಅಡಿಗಟ್ಟಲೆ ಹಿಂದೆ ಮುಂದೆ ಹೋಗುತ್ತದೆ.

ಈ ವಿಷಯದ ನಿಜವಾದ ಸೂಕ್ಷ್ಮ ಇರುವುದು ಆಟ ಶುರುವಾದ ಮೇಲೆ. ಉಜ್ಜಿದ ಮೈ ಹಾಗೆಯೇ ಉಳಿಯುವುದಿಲ್ಲ. ಲೇನಿಗೂ, ಚೆಂಡನ್ನು ಮರಳಿ ತರುವ ಯಂತ್ರಕ್ಕೂ ತಾಗಿ ತಾಗಿ ಕೆಲವೇ ಗೇಮ್‌ಗಳಲ್ಲಿ ಗೀರುಗಳು ಸವೆದು ಮೈ ನುಣುಪಾಗುತ್ತದೆ. ಅದೇ ಹೊತ್ತಿಗೆ ಎಲ್ಲರ ಚೆಂಡೂ ಓಡುವ ದಾರಿಯಲ್ಲಿ ಎಣ್ಣೆ ತೆಳುವಾಗುತ್ತ ಬರುತ್ತದೆ. ಎರಡೂ ಒಂದೇ ವೇಗದಲ್ಲಿ ಸಾಗಿದರೆ ಅದಕ್ಕಿಂತ ಒಳ್ಳೆಯದಿಲ್ಲ: ಲೇನ್ ಒಣಗಿದಷ್ಟೂ ಚೆಂಡಿನ ಕಚ್ಚು ಕಡಿಮೆಯಾಗಿ, ಆಟಗಾರ ನಿಂತಲ್ಲೇ ನಿಂತು ಎಸೆಯಬಹುದು. ಮೈ ಬೇಗ ನುಣುಪಾಗಿ ಎಣ್ಣೆ ನಿಧಾನವಾಗಿ ತೆಳುವಾದರೆ ಚೆಂಡು ಪಾಕೆಟ್ಟಿನ ಎದುರಿಗೇ ಜಾರಿ ಹೋಗುತ್ತದೆ. ಆದರೆ ಅಧಿಕೃತ ಸ್ಪರ್ಧೆಯಲ್ಲಿ ಆಟ ಆರಂಭವಾದ ಮೇಲೆ ಮೈ ಉಜ್ಜುವಂತಿಲ್ಲ. 2019ರ ಆಗಸ್ಟ್‌ನಿಂದ ಯುಎಸ್‌ಬಿಸಿ ಸ್ಪರ್ಧೆಗಳಲ್ಲಿ ಆಟದ ನಡುವೆ ದ್ರವದಿಂದ ತೊಳೆಯುವುದಕ್ಕೂ ಅವಕಾಶವಿಲ್ಲ, ಒಣ ಟವೆಲ್ ಮಾತ್ರ. ಹೀಗಾಗಿ ಯಾವ ಗ್ರಿಟ್‌ನಿಂದ ಶುರು ಮಾಡಬೇಕೆಂಬುದು ಬರಿಯ ಮೊದಲ ಗೇಮಿನ ಪ್ರಶ್ನೆಯಲ್ಲ. ಐದನೆಯ ಗೇಮಿನಲ್ಲಿ ಲೇನ್ ಹೇಗಿರುತ್ತದೆಂಬುದನ್ನು ಮೊದಲೇ ಊಹಿಸುವ ಪ್ರಶ್ನೆ. ಈ ಊಹೆಯಲ್ಲಿ ಆಟಗಾರನ ಅರಿವು ಕಾಣುತ್ತದೆ. ನಮ್ಮಲ್ಲಿ ಇದರ ಬಗ್ಗೆ ನಡೆಯುವ ಚರ್ಚೆ ಹೊಸ ಚೆಂಡುಗಳ ಬಗ್ಗೆ ನಡೆಯುವುದರ ಕಾಲು ಭಾಗವೂ ಇಲ್ಲವೆನ್ನುವುದು ನನಗೆ ಬೇಸರದ ಸಂಗತಿ.

ಕೋರ್ ಪರವಾದವರು ಇಲ್ಲೊಂದು ಗಟ್ಟಿ ಆಕ್ಷೇಪ ಎತ್ತಬಹುದು. ಕೋರ್ ಅಷ್ಟು ಮುಖ್ಯವಲ್ಲದಿದ್ದರೆ 2016ರಲ್ಲಿ ಮೋಟಿವ್ ಕಂಪನಿಯ ಜಾಕಲ್ ಚೆಂಡುಗಳ ಮಾನ್ಯತೆಯನ್ನು, ಕೋರ್‌ನ ಡಿಫರೆನ್ಶಿಯಲ್ 0.060ರ ಮಿತಿ ದಾಟಿದೆಯೆಂದು ಯುಎಸ್‌ಬಿಸಿ ರದ್ದು ಮಾಡಿದ್ದೇಕೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಡಿಫರೆನ್ಶಿಯಲ್ ಹೆಚ್ಚಿದರೆ ಆಗುವುದೇನು? ಚೆಂಡು ಒಂದೊಂದು ಸುತ್ತು ಸುತ್ತಿದಾಗಲೂ ಲೇನಿಗೆ ತಾಗುವ ಗೆರೆ ತುಸು ಸರಿಯುತ್ತದೆ. ಆಡಿ ಬಂದ ಚೆಂಡಿನ ಮೇಲೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಎಣ್ಣೆಯ ಗೆರೆಗಳು ಅದರ ಗುರುತು. ಇದರಿಂದ ಪ್ರತಿ ಸುತ್ತಿನಲ್ಲೂ ಎಣ್ಣೆ ಹತ್ತದ ಹೊಸ ಮೈ ಲೇನಿಗೆ ಸಿಗುತ್ತದೆ. ಎಣ್ಣೆಯಲ್ಲಿ ಕೋರ್ ಮಾಡುವ ದೊಡ್ಡ ಉಪಕಾರವೆಂದರೆ ಇದೇ, ಒಣಮೈಯನ್ನು ಮತ್ತೆ ಮತ್ತೆ ಒದಗಿಸುವುದು. ಒದಗಿಸಿದ ಮೈ ನಯವಾಗಿದ್ದರೆ ಆ ಉಪಕಾರ ವ್ಯರ್ಥ.

ಇತಿಹಾಸವೂ ಮೈಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಎಣ್ಣೆ ಹೀರುವ ರಿಯಾಕ್ಟಿವ್ ರೆಸಿನ್ ಹೊರಮೈ ಬಂದು ಆಟ ಕೆಟ್ಟಿತು, ಪ್ಲಾಸ್ಟಿಕ್ ಚೆಂಡಿನ ಕಾಲದಲ್ಲಿ ಕೈಚಳಕ ಮಾತ್ರ ಗೆಲ್ಲುತ್ತಿತ್ತು ಎಂದು ಬರೆಯುವ ವಿಮರ್ಶಕರಿದ್ದಾರೆ. ಅವರ ಈ ಮಾತನ್ನು ನಾನು ಒಪ್ಪಲಾರೆ. ಅವರು ಮೆಚ್ಚುವ ಅದೇ ಕಾಲದಲ್ಲಿ, 1973ರಲ್ಲಿ, ಅಮೆರಿಕದ ಬೌಲರ್ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕ ದ್ರಾವಕದಲ್ಲಿ ನೆನೆಸಿ ಮೈಯನ್ನು ಮೆದುವಾಗಿಸಿದರು. ಆ ವರ್ಷ ವೃತ್ತಿಪರ ಬೌಲರುಗಳ ಪಿಬಿಎ ಟೂರಿನಲ್ಲಿ ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರರಾದರು. ಕೋರ್‌ಗಳ ಸುದ್ದಿಯೇ ಇಲ್ಲದ ದಿನಗಳಲ್ಲಿ ಇಡೀ ಆಟವನ್ನು ತಲೆಕೆಳಗು ಮಾಡಿದ್ದು ಮೈಯ ಬದಲಾವಣೆ. ಆಮೇಲೆ ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿ ಬಂತು. 1981ರಲ್ಲಿ ಎಎಂಎಫ್‌ನ ಆ್ಯಂಗಲ್ ಯುರಥೇನ್ ತಂದಿತು, 1990ರ ದಶಕದ ಮೊದಲಲ್ಲಿ ರಿಯಾಕ್ಟಿವ್ ರೆಸಿನ್ ಬಂತು. ಎರಡೂ ಮೈಯ ವಸ್ತುಗಳೇ. 2022ರಲ್ಲಿ ಸ್ಟಾರ್ಮ್ ಕಂಪನಿಯ ಸ್ಪೆಕ್ಟರ್ ಮಾನ್ಯತೆ ಕಳೆದುಕೊಂಡದ್ದೂ ಗಡಸುತನದ ಮಿತಿಯ ವಿಚಾರದಲ್ಲಿ. ಚೆಂಡು ಎಣ್ಣೆ ಹೀರಿದಷ್ಟೂ ಅಂಗಣದವರು ಎಣ್ಣೆ ಹೆಚ್ಚಿಸಿದರು, ಎಣ್ಣೆ ಹೆಚ್ಚಿದಷ್ಟೂ ಕಂಪನಿಗಳು ಇನ್ನೂ ಹೀರುವ ಮೈ ಮಾಡಿದವು. ಈ ಪೈಪೋಟಿಯನ್ನು ದೂರುವ ಹಕ್ಕು ಹಳೆಯ ಕಾಲವನ್ನು ಹೊಗಳುವವರಿಗಿದೆ, ಆದರೆ ಅದಕ್ಕೆ ಆರಂಭದ ದಿನಾಂಕ ರೆಸಿನ್ ಬಂದ ದಿನವಲ್ಲ.

2020ರ ಆಗಸ್ಟ್‌ನಲ್ಲಿ ಯುಎಸ್‌ಬಿಸಿ ಬ್ಯಾಲೆನ್ಸ್ ಹೋಲ್ ನಿಷೇಧಿಸಿದಾಗ ಚೆಂಡು ಕೊರೆಯುವವರ ಕಲೆ ಮುಗಿಯಿತೆಂದು ಬಹಳ ಮಂದಿ ಮರುಗಿದರು. ಅಲ್ಲಿಯವರೆಗೆ ಬೆರಳು ತೂರದ ಹೆಚ್ಚುವರಿ ತೂತೊಂದನ್ನು ಕೊರೆದು ಕೋರ್‌ನ ವರ್ತನೆಯನ್ನು ಆಮೇಲೂ ತಿದ್ದಬಹುದಿತ್ತು. ಅದು ಹೋದ ಮೇಲೆ ಕೊರೆದು ಮುಗಿದ ಚೆಂಡಿನಲ್ಲಿ ಆಟಗಾರನ ಕೈಯಲ್ಲಿ ಉಳಿದ ದೊಡ್ಡ ಹೊಂದಾಣಿಕೆ ಮೈ ಮಾತ್ರ. ಕೋರ್ ಕೊಂಡ ದಿನವೇ ಹೆಚ್ಚುಕಡಿಮೆ ನಿಗದಿಯಾಗುತ್ತದೆ, ಮೈ ಪ್ರತಿ ಸ್ಪರ್ಧೆಗೂ ಹೊಸದಾಗಬಹುದು. ಆಮದು ಚೆಂಡಿಗೆ ದುಬಾರಿ ಬೆಲೆ ತೆರುವ ನಮ್ಮ ಆಟಗಾರರಿಗೆ ಈ ವ್ಯತ್ಯಾಸ ಅಮೆರಿಕದವರಿಗಿಂತ ಹೆಚ್ಚು ಮುಖ್ಯ. ಬೇರೆ ಬೇರೆ ಗ್ರಿಟ್‌ನ ನಾಲ್ಕು ಪ್ಯಾಡುಗಳು ಒಂದು ಚೆಂಡಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ.

ಒಂದು ಕಡೆ ಮಾತ್ರ ನಾನು ಕೋರ್ ಪರವಾದವರಿಗೆ ಪೂರ್ತಿ ಜಾಗ ಬಿಡುತ್ತೇನೆ. ಕೈಯಲ್ಲಿ ಸುತ್ತು ಕಡಿಮೆಯಿದ್ದು ವೇಗ ಹೆಚ್ಚಿರುವವರಿಗೆ, ಉದ್ದವೂ ದಪ್ಪವೂ ಆದ ಪ್ಯಾಟರ್ನಿನಲ್ಲಿ ಎಷ್ಟೇ ಮಂಕಾದ ಮೈಯೂ ಸಾಲದು. ಗೆರೆ ಬೇಗ ಸರಿಯುವ ಬಲವಾದ ಕೋರ್ ಅವರಿಗೆ ನಿಜವಾಗಿ ಬೇಕು. ಎರಡು ಕೈಯಿಂದ ಎಸೆಯುವ ಜೇಸನ್ ಬೆಲ್ಮಾಂಟೆಯಂತಹವರ ಸುತ್ತು ಇರುವವರು ಅದೇ ಚೆಂಡು ಹಿಡಿದರೆ ಮಾತ್ರ ಪಾಕೆಟ್ ತಲುಪುವ ಮೊದಲೇ ಚೆಂಡಿನ ಶಕ್ತಿ ಬರಿದಾಗುತ್ತದೆ. ಒಂದೇ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಚೆಂಡನ್ನು 'ಎಣ್ಣೆಯ ಚೆಂಡು' ಎಂದು ಮಾರುವುದರಲ್ಲಿ ನನ್ನ ತಕರಾರಿದೆ.